ಓಣಿಯ ಹೆಸರನ್ನು ಹೇಳುವುದಿಲ್ಲ

ನಮ್ಮ ಅಡುಗೆಮನೆಯ ಬಿಳಿ ಕಟ್ಟೆಯ ಮೇಲೆ ಒಂದು ಕರಿಯ ಕಲ್ಲು ಕುಳಿತಿದೆ. ಊಟದ ತಟ್ಟೆಯಷ್ಟು ಅಗಲ, ಮೂರು ಬೆರಳು ದಪ್ಪ, ನಡುವೆ ಅಂಗೈ ಬಾಗಿಸಿದಷ್ಟೇ ತಗ್ಗು. ಜೊತೆಗೆ ಕತ್ತು ಬಗ್ಗಿಸಿಕೊಂಡ ಒಂದು ಮೋಟು ಗುಂಡು. ನಮ್ಮ ಕಡೆಯ ಒರಳಿಗೆ ದೂರದ ಸಂಬಂಧಿಯೇ ಸರಿ, ಆದರೆ ಒರಳಿನ ಗಾಂಭೀರ್ಯ ಇದಕ್ಕಿಲ್ಲ. ಕೈಗೆ ಸಿಗುವ ಹಾಗೆ, ಕರೆದರೆ ಓಗೊಡುವ ಹಾಗೆ, ಒಲೆಯ ಪಕ್ಕದಲ್ಲೇ ಇರುವ ಸ್ವಭಾವ. ಇದರ ಹೆಸರು ಚೊಬೆಕ್. ಹುಟ್ಟಿದ್ದು ಜಾವಾ ದ್ವೀಪದ ಬೆಂಕಿಬೆಟ್ಟವೊಂದರ ಹೊಟ್ಟೆಯಲ್ಲಿ, ಪಳಗಿದ್ದು ಅಲ್ಲಿಯ ಒಂದು ಊರಿನ ಓಣಿಯಲ್ಲಿ, ಈಗ ವಾಸ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ, ನಮ್ಮ ಜೊತೆ. ಹದಿನಾರು ವರ್ಷಗಳಿಂದ ಇದರ ಮೇಲೆ ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ ಅರೆಯುತ್ತ ಬಂದಿದ್ದೇನೆ. ಮಿಕ್ಸಿ ಕಪಾಟಿನಲ್ಲಿ ನಿವೃತ್ತಿ ಜೀವನ ನಡೆಸುತ್ತಿದೆ.

ಈ ಕಲ್ಲು ಬಂದವರ ಕಣ್ಣಿಗೆ ಚುಚ್ಚುತ್ತದೆ. ಹೋದ ವರ್ಷ ಪಕ್ಕದ ಮನೆ ಮಾರಾಟಕ್ಕೆ ಬಂದಾಗ, ಅದನ್ನು ಮಾರಿಸಲು ಬಂದಿದ್ದ ಏಜೆಂಟಮ್ಮ ಕ್ಯಾಲೆಂಡರ್ ಕೊಡುವ ನೆಪದಲ್ಲಿ ನಮ್ಮಲ್ಲಿಗೂ ಬಂದು, ಕಾಫಿ ಕುಡಿಯುತ್ತ ಗೋಡೆ, ಸೂರು, ಕಿಟಕಿಗಳನ್ನೆಲ್ಲ ಕಣ್ಣಿನಲ್ಲೇ ಅಳೆದು, ಮನೆ ಎಷ್ಟು ಚೆನ್ನಾಗಿದೆ ಎಂದು ಹೊಗಳಿ, ಕೊನೆಗೆ ಈ ಕಲ್ಲಿನ ಮುಂದೆ ನಿಂತು, ಇದೊಂದನ್ನು ಒಳಗಿಟ್ಟರೆ ನಿಮ್ಮ ಅಡುಗೆಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತೆ ಎಂದಳು. ಮಾರುವ ಮನೆಯಲ್ಲಿ ಒಗ್ಗರಣೆಯ ವಾಸನೆ ಇರಬಾರದಂತೆ, ದೇವರ ಪಟ ಕಾಣಬಾರದಂತೆ, ಹೊಸಿಲಿಗೆ ಅರಿಸಿನ ಬಳಿದಿರಬಾರದಂತೆ. ಒಟ್ಟಿನಲ್ಲಿ ಅಲ್ಲಿ ಯಾರೋ ಬದುಕಿದ್ದರು ಎಂಬ ಗುರುತೇ ಇರಬಾರದು, ಗಾಜಿನ ಬೋಗುಣಿಯಲ್ಲಿ ಏಳು ನಿಂಬೆಹಣ್ಣು ಇಟ್ಟರೆ ಮಾತ್ರ ಅಡ್ಡಿಯಿಲ್ಲ. ನಾನು ಮಾರುವುದಿಲ್ಲ ಎಂದೆ. ಎಲ್ಲರೂ ಒಂದು ದಿನ ಮಾರುತ್ತಾರೆ ಎಂದು ಆಕೆ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ನೀವು ಈ ಕಡೆ ಬಂದು ಇದ್ದವರಾದರೆ ನಿಮಗೆ ಗೊತ್ತಿರುತ್ತದೆ, ಇಲ್ಲವಾದರೆ ಹೇಳುತ್ತೇನೆ ಕೇಳಿ: ಈ ಸೀಮೆಯಲ್ಲಿ ಯಾವ ಊರನ್ನೂ ಬಾಯಿತುಂಬ ಹೊಗಳುವಂತಿಲ್ಲ. ಮದುವೆಗೆ ಹೋಗಿ ಬಂದ ಊರಿನ ಕೆರೆ ಚೆನ್ನಾಗಿತ್ತು ಎಂದರೆ, ಕೆರೆ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಸ್ಕ್ವೇರ್ ಫೀಟು ಹೇಗಿದೆ, ಬಾಡಿಗೆ ಎಷ್ಟು ಬರುತ್ತೆ ಎಂದು ಕೇಳುತ್ತಾರೆ. ಲಿವರ್‌ಮೋರಿನ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದು, ಪುಳಿಯೋಗರೆಯ ದೊನ್ನೆ ಕೈಗೆ ಬರುವಷ್ಟರಲ್ಲಿ ಮಾತು ಪಾರ್ಕಿಂಗ್ ಲಾಟಿಗೆ ಇಳಿದು, ಅಲ್ಲಿಂದ ಬಡ್ಡಿಯ ದರಕ್ಕೆ, ಅಲ್ಲಿಂದ ಟೆಕ್ಸಸ್ಸಿನ ಸೈಟುಗಳಿಗೆ ಹೋಗಿಬಿಡುತ್ತದೆ. ನಾನೂ ಈ ಗಾಳಿಯನ್ನೇ ಕುಡಿದವಳು, ಹೊರಗಿನವಳಲ್ಲ. ನಮ್ಮ ಮನೆಯ ಹತ್ತಿರ ರೈಲು ನಿಲ್ದಾಣ ಬಂದು ಬೀದಿಯ ಬೆಲೆ ಏರಿದಾಗ ಒಳಗೊಳಗೇ ಹಿಗ್ಗಿದವರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಈ ಕಲ್ಲು ನಮ್ಮ ಕೈಗೆ ಬಂದ ಕಥೆ ಚಿಕ್ಕದು. ನಮ್ಮ ಯಜಮಾನರಿಗೆ ಜಾವಾದ ಒಂದು ಬಟ್ಟೆ ಗಿರಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಿತ್ತು. ಮೈಸೂರಿನಿಂದ ಹೊರಟವರು ಅಲ್ಲಿ ನಾಲ್ಕು ವರ್ಷ ಇದ್ದು ಆಮೇಲೆ ಇಲ್ಲಿಗೆ ಬಂದೆವು. ಕಂಪನಿಯವರು ಈಜುಕೊಳವಿದ್ದ ಅಪಾರ್ಟ್‌ಮೆಂಟು ತೋರಿಸಿದರು. ಹತ್ತನೆಯ ಮಹಡಿಯಿಂದ ಕೆಳಗೆ ನೋಡಿ ನನಗೆ ತಲೆ ತಿರುಗಿತು, ಬೇಡ ಎಂದೆ. ಹೀಗಾಗಿ ಒಂದು ಓಣಿಯ ಮನೆ ಸಿಕ್ಕಿತು. ಎರಡು ಮೋಟಾರುಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಅಗಲ, ಎರಡೂ ಕಡೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಹನ್ನೆರಡು ಮನೆಗಳು. ಓಣಿಯ ಬಾಯಲ್ಲಿ ಒಂದು ತಗಡಿನ ಫಲಕ: ಒಂದು ದಿನಕ್ಕಿಂತ ಹೆಚ್ಚು ತಂಗುವ ಅತಿಥಿಗಳು ಓಣಿಯ ಯಜಮಾನರಿಗೆ ವರದಿ ಮಾಡತಕ್ಕದ್ದು. ಅಲ್ಲಿ ಬಾಡಿಗೆಯನ್ನು ತಿಂಗಳಿಗೆ ಕೊಡುವ ರೂಢಿಯಿಲ್ಲ, ಒಂದೆರಡು ವರ್ಷದ್ದನ್ನು ಮುಂಗಡವಾಗಿ ಕೊಟ್ಟುಬಿಡಬೇಕು. ಕೊಟ್ಟಮೇಲೆ ಬಾಡಿಗೆಯ ಮಾತೇ ಬರುವುದಿಲ್ಲ, ನೀವು ಆ ಓಣಿಯವರಾಗಿಬಿಡುತ್ತೀರಿ.

ನಮ್ಮ ಮನೆಯ ಒಡತಿ ಪಕ್ಕದಲ್ಲೇ, ಓಣಿಯ ಮೊದಲ ಮನೆಯಲ್ಲಿ ಇದ್ದರು. ಹೆಸರು ಬು ಯಾತಿ. ಬು ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅಮ್ಮ ಎಂದು ಸೇರಿಸುತ್ತೇವಲ್ಲ, ಹಾಗೆ. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ತೀರಿಕೊಂಡಿದ್ದರು, ಹೂವಿನ ನೈಟಿಯ ಮೇಲೆ ಒಂದು ಟವೆಲು ಹೊದ್ದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಕುಳಿತರೆ ತರಕಾರಿ ಗಾಡಿ, ನೂಡಲ್ಸಿನ ಗಾಡಿ, ಶಾಲೆಯ ಮಕ್ಕಳು ಯಾರೂ ಅವರಿಂದ ಒಂದು ಮಾತು ಅನ್ನಿಸಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ. ಆ ನಾಡಿನ ಖಾರಕ್ಕೆಲ್ಲ ಒಣಗಿದ ಸಿಗಡಿಯ ಉಂಡೆ ಬೀಳುತ್ತದೆ. ನಾವು ಅದನ್ನು ತಿನ್ನುವವರಲ್ಲ ಎಂದು ತಿಳಿದ ಮೇಲೆ ಬು ಯಾತಿ ಸಂತೆಯಿಂದ ಒಂದು ಹೊಸ ಚೊಬೆಕ್ ತಂದರು. ಹೊಸ ಕಲ್ಲು ಮರಳು ಬಿಡುತ್ತದೆ, ನಮ್ಮಲ್ಲೂ ಅಷ್ಟೆ. ಅಕ್ಕಿ, ತೆಂಗಿನಕಾಯಿ, ಕಲ್ಲುಪ್ಪು ಹಾಕಿ ದಿನಗಟ್ಟಲೆ ಅರೆದು ಚೆಲ್ಲಿ ಪಳಗಿಸಬೇಕು. ಅದನ್ನು ನನಗೆ ಬಿಡದೆ ತಮ್ಮ ಮೆಟ್ಟಿಲ ಮೇಲೆ ಕುಳಿತು ಒಂಬತ್ತು ದಿನ ಅವರೇ ಅರೆದರು. ಕೊಡುವಾಗ ಹೇಳಿದ್ದು ಇಷ್ಟು: “ಇದಕ್ಕೆ ಸಿಗಡಿ ತಾಗಿಲ್ಲ. ನನ್ನ ಕೈ ತೊಳೆದುಕೊಂಡೇ ಅರೆದಿದ್ದೀನಿ.”

ಯಾರ ಮಡಿಯನ್ನು ಯಾರು ಕಾಯ್ದರು ನೋಡಿ. ನನ್ನ ಅಜ್ಜಿ ಬದುಕಿದ್ದರೆ ಈ ಮಾತಿಗೆ ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನಂತೂ ಆ ಕಲ್ಲನ್ನು ಎದೆಗವಚಿಕೊಂಡು ವಿಮಾನ ಹತ್ತಿದೆ. ಬಟ್ಟೆಬರೆ ಅಷ್ಟೂ ಹಿಂದೆ ಉಳಿದರೂ ಸರಿ, ಇದು ಬರಬೇಕು ಎಂದು ಹಟ ಹಿಡಿದೆ.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಕನ್ನಡ ಬಳಗದವರು ದೀಪಾವಳಿಗೆ ಒಂದು ಸಂಚಿಕೆ ತರುತ್ತಾರೆ. ಅರ್ಧ ಜಾಹೀರಾತು, ಕಾಲು ಭಾಗ ಮಕ್ಕಳ ಚಿತ್ರ, ಉಳಿದದ್ದು ನನ್ನಂಥವರ ಬರಹ. ಎರಡು ವರ್ಷದ ಕೆಳಗೆ ಅದರಲ್ಲಿ ಆ ಓಣಿಯನ್ನು ಕುರಿತು ಒಂದು ಪ್ರಬಂಧ ಬರೆದೆ. ಬರೆಯುವಾಗ ಒಂದು ಅಮಲು ಇರುತ್ತದೆ. ಬೆಳಗಿನ ತಂಪು, ಕಂಬದ ಮೇಲೇರಿಸಿದ ಪಂಜರಗಳಲ್ಲಿ ಹಾಡುವ ಹಕ್ಕಿ, ಮೋಡ ಸರಿದಾಗ ಕಾಣುವ ಬೆಟ್ಟ, ರೈಲುನಿಲ್ದಾಣದಿಂದ ಹನ್ನೆರಡು ನಿಮಿಷದ ನಡಿಗೆ, ಮೊದಲ ತಿರುವಿನ ಸೀಬೆಮರ, ನೀಲಿ ಗೇಟು. ಎಲ್ಲವನ್ನೂ ಒಂದನ್ನೂ ಬಿಡದೆ ಬರೆದೆ. ಓಣಿಯ ಹೆಸರನ್ನೂ ಹಾಕಿದೆ. ಬಳಗದ ಸಭೆಯಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೂ ಸಂತೋಷವಾಯಿತು.

ಚಪ್ಪಾಳೆ ತಟ್ಟಿದವರಲ್ಲಿ ಚಂದ್ರು ಒಬ್ಬ. ಮಂಡ್ಯದ ಕಡೆಯವನು, ಕಂಪ್ಯೂಟರ್ ಚಿಪ್ಪಿನ ಕಂಪನಿಯಲ್ಲಿ ಇಂಜಿನಿಯರು, ನಮಗೆ ಮನೆಯ ಹುಡುಗನ ಹಾಗೆ. ನನ್ನನ್ನು ಅಕ್ಕ ಎನ್ನುತ್ತಾನೆ. ಭಾನುವಾರ ಹೆಂಡತಿ ಮಕ್ಕಳ ಜೊತೆ ಬಂದರೆ ಈ ಕಲ್ಲಿನಲ್ಲಿ ಅರೆದ ಚಟ್ನಿಗೆ ದೋಸೆ ಸಾಲದಾಗುತ್ತಿತ್ತು. ಎಂಟು ವರ್ಷದಿಂದ ಇಲ್ಲಿ ಮನೆ ಹುಡುಕುತ್ತಿದ್ದಾನೆ. ಇಲ್ಲಿ ಮನೆ ಕೊಳ್ಳಲು ಹಣ ಹೊಂದಿಸಿದರೆ ಸಾಲದು, ಮಾರುವವರ ಮನಸ್ಸು ಕರಗುವಂತೆ ಒಂದು ಪತ್ರವನ್ನೂ ಬರೆಯುತ್ತಾರೆ: ನಿಮ್ಮ ಹಿತ್ತಲಿನ ನಿಂಬೆಗಿಡ ನೋಡಿ ನಮ್ಮ ಊರು ನೆನಪಾಯಿತು, ನಮ್ಮ ಮಕ್ಕಳು ಇಲ್ಲಿ ಆಡುವುದನ್ನು ಕಣ್ಣಮುಂದೆ ಕಾಣುತ್ತಿದ್ದೇನೆ, ಇತ್ಯಾದಿ. ಚಂದ್ರು ಅಂಥ ಹನ್ನೊಂದು ಪತ್ರ ಬರೆದಿದ್ದಾನೆ, ಮೂರನ್ನು ನಾನೇ ತಿದ್ದಿಕೊಟ್ಟಿದ್ದೇನೆ. ಹನ್ನೊಂದು ಸಲವೂ ಮನೆ ಇನ್ನೊಬ್ಬರಿಗೆ ಹೋಯಿತು. ಹನ್ನೊಂದನೆಯದು ಹೋದ ದಿನ ಅವನು ನಮ್ಮ ಸೋಫಾದ ಮೇಲೆ ಕುಳಿತು ಎರಡು ಲೋಟ ಮಜ್ಜಿಗೆ ಕುಡಿದು ಹೋದ. ನನಗೆ ಅವನ ಮೇಲೆ ಪ್ರೀತಿ ಇತ್ತು, ಈಗಲೂ ಇದೆ; ಇದನ್ನು ಮರೆತು ಮುಂದಿನದನ್ನು ಓದಬೇಡಿ.

ಕಳೆದ ಚೈತ್ರದಲ್ಲಿ ಒಂದು ಭಾನುವಾರ ಅವನು ತನ್ನ ಮೂವರು ಗೆಳೆಯರನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದ. ಅಕ್ಕನಿಗೊಂದು ಸರ್‌ಪ್ರೈಸು ಎಂದು ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿದ. ಪರದೆಯ ಮೇಲೆ ನನ್ನ ಓಣಿ ಬಂತು. ನನ್ನ ಪ್ರಬಂಧವನ್ನು ಯಂತ್ರದ ಕೈಯಲ್ಲಿ ಇಂಗ್ಲಿಷಿಗೆ ಮಾಡಿಸಿ, ವಾಕ್ಯ ವಾಕ್ಯವಾಗಿ ಬಿಡಿಸಿ, ಒಂದೊಂದು ಚಿತ್ರದ ಕೆಳಗೆ ಒಂದೊಂದನ್ನು ಅಂಟಿಸಿದ್ದರು. ಬೆಳಗಿನ ತಂಪಿಗೆ ವರ್ಷವಿಡೀ ಹವಾನಿಯಂತ್ರಣ ಬೇಡದ ಹವಾ ಎಂದು ಹೆಸರು. ಹನ್ನೆರಡು ನಿಮಿಷದ ನಡಿಗೆಗೆ ಒಂದು ಹಸಿರು ಗುರುತು. ಅತಿಥಿಗಳು ವರದಿ ಮಾಡಬೇಕೆಂಬ ಆ ತಗಡಿನ ಫಲಕದ ಕೆಳಗೆ ‘ಗೇಟೆಡ್ ಕಮ್ಯುನಿಟಿ ಫೀಲ್’ ಎಂದಿತ್ತು. ಕೊನೆಗೆ ನಾನು ಸಂಚಿಕೆಗೆ ಕೊಟ್ಟಿದ್ದ ಫೋಟೋ: ಮೆಟ್ಟಿಲ ಮೇಲೆ ಬು ಯಾತಿ, ಕೈಯಲ್ಲಿ ಕಲ್ಲು. ಅದರ ಕೆಳಗೆ ‘ಫ್ರೆಂಡ್ಲಿ ಲೋಕಲ್ ಸ್ಟಾಫ್’.

ಯೋಜನೆ ಇಷ್ಟೇ. ಓಣಿಯ ಮೊದಲ ಆರು ಮನೆಗಳನ್ನು ಕೊಂಡು, ಗೋಡೆ ಒಡೆದು ಕೂಡಿಸಿ, ಮೂರು ಮೂರು ದಿನಕ್ಕೆ ಬಂದು ಹೋಗುವ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದು. ಆ ದೇಶದಲ್ಲಿ ಪರದೇಶದವರು ನೆಲದ ಒಡೆಯರಾಗುವಂತಿಲ್ಲ, ಇದು ನನಗೆ ಗೊತ್ತಿತ್ತು, ಹೇಳಿದೆ. ಅಲ್ಲಿಯವರೊಬ್ಬರ ಹೆಸರಿನಲ್ಲಿ ತೆಗೆದುಕೊಳ್ಳುತ್ತೇವೆ, ನಮ್ಮೂರಿನಲ್ಲಿ ಜಮೀನಿಗೆ ಮಾಡುತ್ತಿರಲಿಲ್ಲವೆ, ಹಾಗೇ ಎಂದರು. ಎಲ್ಲಕ್ಕೂ ದಾರಿ ಇತ್ತು. ಇಲ್ಲದ್ದು ಒಂದೇ: ಓಣಿಯ ಬಾಯಿ ಬು ಯಾತಿಯ ಮನೆಯಾದ್ದರಿಂದ ಅವರು ಒಪ್ಪದೆ ಕೆಲಸ ನಡೆಯದು, ಅವರು ಒಪ್ಪಿದರೆ ಉಳಿದ ಮನೆಯವರು ಅವರ ಹಿಂದೆ ಬರುತ್ತಾರೆ. ಅದಕ್ಕೆ ನಾನು ಬೇಕಾಗಿದ್ದೆ.

“ಒಂದೇ ಒಂದು ಫೋನ್ ಮಾಡಿ ಅಕ್ಕ, ಅಷ್ಟೆ. ನೀವ್ ಹೇಳಿದ್ರೆ ಆಯಮ್ಮ ಇಲ್ಲ ಅನ್ನಲ್ಲ. ನಿಮ್ಗೂ ಒಂದು ಶೇರು ಇಟ್ಟಿದ್ದೀವಿ, ನೀವೇನೂ ಹಾಕ್ಬೇಕಾಗಿಲ್ಲ” ಎಂದ ಚಂದ್ರು.

ನಾನು ಆಗ ಇಲ್ಲ ಎನ್ನಲಿಲ್ಲ. ಇದೇ ನನಗೆ ಇವತ್ತಿಗೂ ನಾಚಿಕೆ. ಬಂದವರಿಗೆ ಉಪ್ಪಿಟ್ಟು ಬಡಿಸಿದೆ, ನೋಡೋಣ ಎಂದೆ. ನಮ್ಮಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಆದರೆ ಅದನ್ನು ಹಾಗೆ ತಿಳಿದುಕೊಳ್ಳಬೇಕೆಂಬ ಮನಸ್ಸು ಎದುರಿನವರಿಗೂ ಇರಬೇಕಲ್ಲ. ಇಲ್ಲಿಂದ ಒಂದು ಗಂಟೆ ದೂರದ ಎಮರಿವಿಲ್‌ನಲ್ಲಿ ಕೆಲಸ ಮಾಡುವ ಮಗಳು, ಆ ಓಣಿಯಲ್ಲೇ ಸೈಕಲ್ ಕಲಿತವಳು, ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, “ಅಮ್ಮಾ, ಯು ಲಿಟರಲಿ ಗೇವ್ ದೆಮ್ ಡೈರೆಕ್ಷನ್ಸ್” ಎಂದಳು. ಕನ್ನಡದಲ್ಲಿ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ, ಐದು ಗಂಟೆಗೆ, ಅಲ್ಲಿ ಆಗಲೇ ಮರುದಿನದ ಬೆಳಿಗ್ಗೆ, ಬು ಯಾತಿಯ ದನಿ ಸಂದೇಶ ಬಂತು. ಅವರ ಮಾತನ್ನು ನನ್ನ ಕನ್ನಡಕ್ಕೆ ತಂದರೆ ಹೀಗೆ: “ಒಬ್ಬರು ಬಂದಿದ್ದರು. ಒಳ್ಳೆ ಶೂ ಹಾಕಿದ್ದರು. ನೀನು ತೆಗೆದ ನನ್ನ ಫೋಟೋ ತೋರಿಸಿ, ಈ ಮನೆ ಕೊಳ್ಳುವವರಲ್ಲಿ ನೀನೂ ಇದ್ದೀಯ ಅಂದರು. ನೀನು ಕೇಳಿದ ಮೇಲೆ ನಾನು ಹೇಗೆ ಇಲ್ಲ ಅನ್ನಲಿ. ನನ್ನ ತಂಗಿಯ ಮನೆ ಊರಾಚೆ ಇದೆ, ಅಲ್ಲಿ ಒಂದು ಕೋಣೆ ಮಾಡಿಕೊಳ್ಳಬಹುದು. ಸಹಿ ಶುಕ್ರವಾರ ಅಂತೆ. ಕೊಟ್ಟುಬಿಡಲೆ?”

ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಆ ನಾಡಿನವರಿಗೆ ಎದುರಿಗೆ ನಿಂತು ಇಲ್ಲ ಎನ್ನುವುದು ಬಲು ಕಷ್ಟ. ಮೈಸೂರಿನವಳಾದ ನನಗೆ ಆ ಕಷ್ಟದ ಪರಿಚಯ ಚೆನ್ನಾಗಿಯೇ ಇದೆ, ನಾವು ಅದನ್ನು ದಾಕ್ಷಿಣ್ಯ ಎನ್ನುತ್ತೇವೆ, ಅದಕ್ಕೆ ಬಸುರಾದವರ ಗಾದೆಯನ್ನೂ ಮಾಡಿಟ್ಟಿದ್ದೇವೆ. ಒಬ್ಬ ಹೆಂಗಸು ತನ್ನ ಸೂರನ್ನು ಬಿಟ್ಟುಕೊಡಲು ಹೊರಟಿದ್ದಳು, ಬಡತನಕ್ಕಲ್ಲ, ಆಸೆಗಲ್ಲ, ನನ್ನ ಮುಖಕ್ಕೆ. ಆ ಮುಖವನ್ನು ನಾನು ಕೊಟ್ಟಿರಲಿಲ್ಲ, ಅವರು ತೆಗೆದುಕೊಂಡಿದ್ದರು. ಅವರು ತೆಗೆದುಕೊಳ್ಳುವಾಗ ನಾನು ಉಪ್ಪಿಟ್ಟು ಬಡಿಸುತ್ತಿದ್ದೆ.

ಚಂದ್ರುವನ್ನು ಬರಹೇಳಿದೆ. ಆಫೀಸಿನಿಂದ ನೇರವಾಗಿ ಬಂದ, ಕೊರಳಲ್ಲಿ ಬ್ಯಾಜು ಹಾಗೇ ಇತ್ತು. ಇದೇ ಅಡುಗೆಮನೆಯಲ್ಲಿ, ಇದೇ ಕಟ್ಟೆಯ ಆಚೆ ಈಚೆ ನಿಂತು ಮಾತಾಡಿದೆವು. ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಒಳಗೆ ಕುಳಿತಿದ್ದರು; ಪುಟ ತಿರುಗಿಸುವ ಸದ್ದು ಕೇಳಲಿಲ್ಲವಾದ್ದರಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ತಿಳಿದಿತ್ತು.

“ನನ್ನ ಹೆಸರು ಯಾಕೆ ಹೇಳ್ಸಿದೆ?” ಎಂದೆ.

“ಅಕ್ಕ, ಒಸಿ ಕೇಳಿ. ಆ ಬ್ರೋಕರ್ರು ಹೇಳ್ಬಿಟ್ಟವ್ನೆ, ನಾವ್ ಹೇಳು ಅಂದಿಲ್ಲ. ಆದ್ರೂ ಆಯಮ್ಮಂಗೆ ಲಾಸೇನಿಲ್ಲ. ಮಾರ್ಕೆಟ್ಟಿಗಿಂತ ಜಾಸ್ತಿನೇ ಕೊಡ್ತಿದ್ದೀವಿ.”

“ಅವರು ಮಾರ್ಕೆಟ್ಟಿಗೆ ಹೋಗಿರ್ಲಿಲ್ಲವಲ್ಲೋ. ಮನೇಲಿ ಕೂತಿದ್ರು.”

ಅವನ ಮುಖ ಕೆಂಪಾಯಿತು. ಆಮೇಲೆ ಅವನು ಹೇಳಿದ ಮಾತು, ಓದುಗರೇ, ನ್ಯಾಯವಾದ ಮಾತು. ಅದನ್ನು ಮುಚ್ಚಿಟ್ಟು ನನ್ನನ್ನು ದೊಡ್ಡವಳೆಂದು ತೋರಿಸಿಕೊಳ್ಳಲಾರೆ. “ನಿಮ್ಗೆ ಮನೆ ಐತೆ ಅಕ್ಕ. ನೀವ್ ಸರಿಯಾದ್ ಟೈಮಿಗೆ ಬಂದ್ರಿ, ತಗಂಡ್ರಿ. ನಾನು ಎಂಟು ವರ್ಷ ಆಯ್ತು, ಮಗಂಗೆ ಗೋಡೆ ಮ್ಯಾಲೆ ಬರೀಬ್ಯಾಡ ಅಂತ ಬಯ್ಯದೇ ಆಯ್ತು, ಓನರ್ರು ಡಿಪಾಸಿಟ್ಟು ಹಿಡ್ಕತಾರೆ ಅಂತ. ಎಲ್ಲಾದ್ರೂ ಒಂದ್ ಕಡೆ ನಂದು ಅನ್ನೋದು ಬ್ಯಾಡ್ವಾ? ಅದೇ ಓಣೀನ ನೀವು ಬರೆದ್ರೆ ಸಾಹಿತ್ಯ, ನಾನ್ ಕೊಂಡ್ಕಂಡ್ರೆ ದಂಧೆ.”

ನಿಜ ಹೇಳಬೇಕೆಂದರೆ ಉತ್ತರದ ಬದಲು ಒಂದು ನೆನಪು ಬಂತು, ಅದೂ ನನ್ನ ವಿರುದ್ಧದ್ದೇ. ಆ ಬಾಡಿಗೆ ಮನೆಯ ಮುಂಗೋಣೆಯ ಗೋಡೆಯಲ್ಲಿ ಒಂದೇ ಸಾಲಿನಲ್ಲಿ ಇಪ್ಪತ್ತೋ ಮೂವತ್ತೋ ಸಣ್ಣ ಮೊಳೆಗಳಿದ್ದವು. ಇದೇನು ಎಂದು ಕೇಳಿದ್ದಕ್ಕೆ ಬು ಯಾತಿ, ನಿಮಗಿಂತ ಮೊದಲು ಇಲ್ಲಿ ಒಬ್ಬ ದರ್ಜಿ ಇದ್ದ, ಬಣ್ಣ ಬಣ್ಣದ ದಾರದ ಉಂಡೆ ನೇತು ಹಾಕುತ್ತಿದ್ದ, ನಿಮ್ಮ ಕಂಪನಿ ಹೆಚ್ಚು ಕೊಟ್ಟಿತಲ್ಲ, ಅವನು ನದಿಯಾಚೆ ಹೋದ ಎಂದಿದ್ದರು, ಯಾವ ಆಕ್ಷೇಪಣೆಯೂ ಇಲ್ಲದ ದನಿಯಲ್ಲಿ. ಹಕ್ಕಿ, ಬೆಟ್ಟ, ಸೀಬೆಮರ ಎಲ್ಲವನ್ನೂ ಬರೆದ ನಾನು ಆ ಮೊಳೆಗಳನ್ನು ಬರೆದಿರಲಿಲ್ಲ. ಅವುಗಳಿಗೆ ನಾಲ್ಕು ವರ್ಷ ನಾನು ಮಗಳ ಚಿತ್ರಗಳನ್ನು ತೂಗುಹಾಕಿದ್ದೆ.

ಆದರೂ ಕೇಳಿ. ಉತ್ತರ ಇಲ್ಲದಿದ್ದ ಮಾತ್ರಕ್ಕೆ ಒಪ್ಪಿಗೆ ಕೊಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಕೈ ಶುದ್ಧವಿದ್ದವರು ಮಾತ್ರ ಅಡ್ಡ ಕೈ ಹಾಕಬೇಕು ಎಂದರೆ ಲೋಕದಲ್ಲಿ ಯಾರೂ ಯಾವುದಕ್ಕೂ ಅಡ್ಡ ಬರಲಾರರು. ನಾನು ಒಂದು ಸಲ ಒಬ್ಬ ದರ್ಜಿಯನ್ನು ಎಬ್ಬಿಸಿದ್ದೇನೆ, ತಿಳಿಯದೆ. ಈಗ ತಿಳಿದೂ ತಿಳಿದೂ ಆರು ಮನೆಯವರನ್ನು ಎಬ್ಬಿಸುವುದಿಲ್ಲ. “ಮನೆ ಬೇಕು ಅನ್ನೋದು ತಪ್ಪಲ್ಲ ಚಂದ್ರು, ನಿನಗೊಂದು ಮನೆ ಆಗ್ಲಿ ಅಂತ ನಾನು ದೇವರಿಗೆ ಹೇಳ್ಕೊಂಡಿದ್ದೀನಿ. ಆದ್ರೆ ಅವರ ಮನೆ ನಿನಗೆ ಮನೆ ಅಲ್ಲ. ನೀನು ಅಲ್ಲಿ ಒಂದು ದಿನ ಮಲಗಲ್ಲ. ನನ್ನ ಹೆಸರು ತೆಗೆಸು. ನಾನು ಅವರಿಗೆ ಫೋನ್ ಮಾಡ್ತೀನಿ, ನೀನು ಕೇಳಿದ ಫೋನು ಅಲ್ಲ” ಎಂದೆ. ಅವನು ಬ್ಯಾಜಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ಆಯ್ತು ಬುಡಿ ಅಕ್ಕ” ಎಂದು ಹೋದ. ಚಟ್ನಿ ಡಬ್ಬಿ ಕಟ್ಟಿಟ್ಟಿದ್ದೆ, ತೆಗೆದುಕೊಂಡು ಹೋಗಲಿಲ್ಲ.

ಮರುದಿನ ಸಂಜೆ ಬು ಯಾತಿಗೆ ಫೋನು ಮಾಡಿದೆ. ನನ್ನ ಭಾಷೆ ತುಕ್ಕು ಹಿಡಿದಿತ್ತು, ಅದಕ್ಕೇ ಇರಬೇಕು, ಸುತ್ತಿಬಳಸಲು ಆಗಲಿಲ್ಲ. “ನಾನು ಆ ಗುಂಪಿನಲ್ಲಿ ಇಲ್ಲ. ನನ್ನ ಹೆಸರನ್ನು ಪಕ್ಕಕ್ಕಿಡಿ. ಈಗ ಹೇಳಿ, ನಿಮಗೆ ಏನು ಬೇಕು?” ಎಂದೆ. ದೂರದಲ್ಲಿ ನೂಡಲ್ಸಿನ ಗಾಡಿಯವನು ಬಿದಿರು ತಟ್ಟುವುದು ಕೇಳಿಸಿತು, ಒಂದು ಹುಂಜ ಕೂಗಿತು. ಮಾರಬೇಡಿ ಎಂದು ನಾನು ಹೇಳಲಿಲ್ಲ. ಮಾರಿ ಎನ್ನುವುದಕ್ಕೆ ನನಗೆ ಹಕ್ಕಿಲ್ಲವಾದರೆ ಮಾರಬೇಡಿ ಎನ್ನುವುದಕ್ಕೂ ಇಲ್ಲ, ಎಂದು ನಾಲಿಗೆ ಕಚ್ಚಿಕೊಂಡು ಕಾದೆ.

“ನನಗೆ ಇಲ್ಲೇ ಇರಬೇಕು” ಎಂದರು ಕೊನೆಗೆ. “ಬೆಳಿಗ್ಗೆ ಬಾಗಿಲು ತೆಗೆದರೆ ಬೈಯುವುದಕ್ಕೆ ಯಾರಾದರೂ ಸಿಗಬೇಕು. ತಂಗಿಯ ಮನೆಯಲ್ಲಿ ಎಲ್ಲರೂ ಒಳ್ಳೆಯವರು, ನನಗೆ ಆಗುವುದಿಲ್ಲ.” ಆಮೇಲೆ ಇಬ್ಬರೂ ನಕ್ಕೆವು, ನಗುತ್ತ ನಾನು ಅತ್ತೆ. ಫೋನಿಡುವ ಮುಂಚೆ ಅವರು ಕೇಳಿದರು: “ಆ ಕಲ್ಲು ಇನ್ನೂ ಇದೆಯೆ? ಅದಕ್ಕೆ ಸಿಗಡಿ ತಾಗಿಸಿಲ್ಲ ತಾನೆ?”

ಶುಕ್ರವಾರ ಅವರು ಸಹಿ ಹಾಕಲಿಲ್ಲ. ಓಣಿಯ ಬಾಯಿ ಮುಚ್ಚಿತು, ಯೋಜನೆ ನಿಂತಿತು. ಚಂದ್ರುವಿನ ಗೆಳೆಯರು ಈಗ ಇನ್ನಾವುದೋ ದ್ವೀಪದ ಚಿತ್ರಗಳನ್ನು ನೋಡುತ್ತಿದ್ದಾರಂತೆ. ಭಾನುವಾರದ ದೋಸೆಗೆ ಯಾರೂ ಬರುವುದಿಲ್ಲ. ಹೋದ ತಿಂಗಳು ಲಿವರ್‌ಮೋರಿನಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಚಂದ್ರು ಮುಂದೆ ಇದ್ದ, ಅವನ ಹೆಂಡತಿ ಅರ್ಧ ನಕ್ಕಳು, ಅವನು ದೇವರ ಕಡೆಗೇ ನೋಡುತ್ತಿದ್ದ. ಬಳಗದಲ್ಲಿ ನನಗೆ ತಲೆತಿರುಕಿ ಎಂಬ ಹೆಸರು ಬಂದಿದೆ. ಇರಲಿ. ಈ ವಯಸ್ಸಿನಲ್ಲಿ ಅದೊಂದು ಬಿರುದು.

ನಾನು ಎಲ್ಲಿ ತಪ್ಪಿದೆ ಎಂದು ಯೋಚಿಸುವಾಗ ನನಗೆ ಅಮ್ಮ ನೆನಪಾಗುತ್ತಾಳೆ. ತಮ್ಮ ಹುಟ್ಟಿದಾಗ ಬಲು ಮುದ್ದಾಗಿದ್ದ, ಬಿಳಿಯ ಕೆನ್ನೆ. ಅವನನ್ನು ಹೊಸಿಲು ದಾಟಿಸುವ ಮೊದಲು ಅಮ್ಮ ಕಾಡಿಗೆಯ ಒಂದು ಬೊಟ್ಟನ್ನು ಕೆನ್ನೆಗೆ ಇಡುತ್ತಿದ್ದಳು, ಬೇಕೆಂದೇ ಸೊಟ್ಟಗೆ, ಬೇಕೆಂದೇ ದೊಡ್ಡದಾಗಿ. ಯಾರಾದರೂ ಮಗು ಎಷ್ಟು ಚೆನ್ನಾಗಿದೆ ಎಂದುಬಿಟ್ಟರೆ ಮನೆಗೆ ಬಂದವಳೇ ನಿವಾಳಿಸಿ ಎರಡೂ ಕಡೆ ನೆಟಿಗೆ ಮುರಿಯುತ್ತಿದ್ದಳು. ಕಾಲೇಜಿಗೆ ಹೋಗುವ ದಿನಗಳಲ್ಲಿ ಇದೆಲ್ಲ ಮೂಢನಂಬಿಕೆ ಎಂದು ನಾನು ಅವಳ ಜೊತೆ ಜಗಳವಾಡಿದ್ದೇನೆ. ಈಗ ಅನ್ನಿಸುತ್ತದೆ, ಅವಳಿಗೆ ಲೋಕ ಗೊತ್ತಿತ್ತು. ಚೆಂದವನ್ನು ಕಂಡ ಕಣ್ಣು ಕಂಡು ಸುಮ್ಮನಿರುವುದಿಲ್ಲ, ತನ್ನದಾಗಲಿ ಎನ್ನುತ್ತದೆ. ಆದ್ದರಿಂದ ಪ್ರೀತಿಸುವವರು ಹೊಗಳುವ ಮುಂಚೆ ಒಂದು ಕರಿ ಬೊಟ್ಟು ಇಡಬೇಕು. ನಾನು ಓಣಿಯನ್ನು ಸಿಂಗರಿಸಿ, ಬೊಟ್ಟಿಡುವುದನ್ನು ಮರೆತು, ಸಭೆಗೆ ಎತ್ತಿಕೊಂಡು ಬಂದಿದ್ದೆ.

ಈ ಸಲದ ದೀಪಾವಳಿ ಸಂಚಿಕೆಗೆ ಮತ್ತೆ ಬರೆದುಕೊಡಿ ಎಂದು ಕೇಳಿದ್ದಾರೆ. ಇದನ್ನೇ ಕೊಡುತ್ತಿದ್ದೇನೆ. ಓದಿ ನೋಡಿದ ಸಂಪಾದಕರು, ಓಣಿಯ ಹೆಸರಿಲ್ಲ, ಊರಿನ ಹೆಸರೂ ಇಲ್ಲ, ಓದುಗರು ಕೇಳುತ್ತಾರಲ್ಲ ಎಂದರು. ಕೇಳಲಿ. ಹೇಳುವುದಿಲ್ಲ. ಜಾವಾದಲ್ಲಿ ಬೆಟ್ಟ ಕಾಣುವ ಊರುಗಳಿಗೆ ಬರವಿಲ್ಲ, ಸೀಬೆಮರಗಳಿಗಂತೂ ಮೊದಲೇ ಇಲ್ಲ. ಬೇಕಾದರೆ ಇಷ್ಟು ಹೇಳುತ್ತೇನೆ, ಬರೆದುಕೊಳ್ಳಿ: ಆ ಓಣಿಯಲ್ಲಿ ಮಳೆ ಬಂದರೆ ಚರಂಡಿ ಉಕ್ಕಿ ಚಪ್ಪಲಿ ತೇಲುತ್ತದೆ. ಬೆಕ್ಕಿಗೆ ಹೆದರದ ಹೆಗ್ಗಣಗಳಿವೆ. ಹುಂಜಗಳಿಗೆ ಹೊತ್ತುಗೊತ್ತಿಲ್ಲ. ಬೆಟ್ಟ ಒಮ್ಮೊಮ್ಮೆ ಬೂದಿ ಕೆಮ್ಮುತ್ತದೆ, ಒಗೆದು ಹರವಿದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕು. ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯವರ ಸೀನಿಗೆ ನೀವು ಆಯುಷ್ಯ ಹಾರೈಸಬೇಕಾಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಉಳಿದರೆ ನೀವು ಯಾರು, ಯಾಕೆ ಬಂದಿರಿ ಎಂದು ಹೋಗಿ ಒಪ್ಪಿಸಬೇಕು, ಮತ್ತು ಮೊದಲ ಮನೆಯ ಮೆಟ್ಟಿಲ ಮೇಲೆ ಬಾಯಿಜೋರಿನ ಹೆಂಗಸೊಬ್ಬಳು ಕುಳಿತಿದ್ದಾಳೆ, ಅವಳಿಂದ ಬೈಸಿಕೊಳ್ಳದೆ ಒಳಗೆ ಹೋಗಲಾಗುವುದಿಲ್ಲ. ಹೂಡಿಕೆಗೆ ತಕ್ಕ ಜಾಗವಲ್ಲ.

ಚಂದ್ರು ಇದನ್ನು ಓದುತ್ತ ಇಲ್ಲಿಯವರೆಗೆ ಬಂದಿದ್ದರೆ ಅವನಿಗೊಂದು ಮಾತು. ಹನ್ನೆರಡನೆಯ ಪತ್ರ ಬರೆಯುವ ದಿನ ಬಾ, ನಾನು ತಿದ್ದಿಕೊಡುತ್ತೇನೆ. ಬಂದರೆ ಚಟ್ನಿ ಅರೆದು ಬಡಿಸುತ್ತೇನೆ. ಆ ಫೋನು ಮಾತ್ರ ಮಾಡುವುದಿಲ್ಲ, ಈ ಜನ್ಮದಲ್ಲಿ.

ಮೊನ್ನೆ ಏಜೆಂಟಮ್ಮ ಹೊಸ ಕ್ಯಾಲೆಂಡರ್ ಹಿಡಿದು ಮತ್ತೆ ಬಂದಿದ್ದಳು. ಅವಳು ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲಿ ನಾನು ಒಲೆಯ ಪಕ್ಕದಲ್ಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಿಳಿ ಕಟ್ಟೆಯ ನಟ್ಟನಡುವೆ, ಬೇಕೆಂದೇ ಸೊಟ್ಟಗೆ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮನೆ ಎಷ್ಟು ಚೆನ್ನಾಗಿದೆ ಎಂಬ ಮಾತು ಈ ಸಲ ಅವಳ ಬಾಯಿಂದ ಬರಲಿಲ್ಲ. ಕಲ್ಲು ಈಗ ಅಲ್ಲೇ ಇರುತ್ತದೆ.